ತಗ್ಗಿನಲ್ಲಿ ಕುಳಿತವರು: ಪ್ಯಾರಿಸ್ ಆಪೆರಾ ವಾದ್ಯವೃಂದದ ಮೂರೂವರೆ ಶತಮಾನ

ಪ್ಯಾರಿಸ್ ಆಪೆರಾದ ಚರಿತ್ರೆ ಬರೆದವರು ಸಾಮಾನ್ಯವಾಗಿ ಮೂರು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಮೊದಲನೆಯದು ರಚನಕಾರರ ದಾರಿ: ಲುಲ್ಲಿ, ರಾಮೋ, ಗ್ಲುಕ್, ರೊಸಿನಿ, ಮೇಯರ್‌ಬೇರ್. ಎರಡನೆಯದು ಕಟ್ಟಡಗಳ ದಾರಿ. ಅಲ್ಲಿ ಶಾರ್ಲ್ ಗಾರ್ನಿಯೆಯ ಅಮೃತಶಿಲೆಯ ಮೆಟ್ಟಿಲುಗಳೇ ಅರ್ಧ ಪುಸ್ತಕ ತುಂಬುತ್ತವೆ. ಮೂರನೆಯದು ಆಡಳಿತಗಾರರ ದಾರಿ: ಯಾರು ಬಂದರು, ಯಾರನ್ನು ಓಡಿಸಿದರು, ಸಾಲ ಎಷ್ಟಾಯಿತು. ಈ ಮೂರರಲ್ಲಿ ಯಾವ ದಾರಿ ಹಿಡಿದರೂ ವೇದಿಕೆಯ ಮುಂದಿನ ತಗ್ಗಿನಲ್ಲಿ ಕುಳಿತು ಸಂಜೆ ಸಂಜೆಯೂ ನುಡಿಸಿದವರು ಸರಿಯಾಗಿ ಕಣ್ಣಿಗೆ ಬೀಳುವುದಿಲ್ಲ.

ರಚನಕಾರರು ತೀರಿಕೊಂಡರು, ಮಂದಿರಗಳು ಸುಟ್ಟುಹೋದವು, ಆಡಳಿತಗಾರರು ಬದಲಾಗುತ್ತಲೇ ಇದ್ದರು. ವಾದ್ಯವೃಂದ ಮಾತ್ರ ರಾಜ್ಯಭಾರಗಳು ಉರುಳಿದರೂ ಕಡಿಯದೆ ಬಂದಿದೆ. ಅದನ್ನು ಹಿಡಿದು ನಿಲ್ಲಿಸಿದ್ದು ಏನು? ದೊಡ್ಡ ನಿರ್ದೇಶಕರ ಪ್ರತಿಭೆ ಎಂದು ಹೇಳುವುದು ವಾಡಿಕೆ. ಆ ಪ್ರತಿಭೆಯನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೂ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅದಕ್ಕಿಂತ ಗಟ್ಟಿಯಾದ ಕಾರಣಗಳು ಕಾಣುತ್ತವೆ: ಕಾಯಂ ಹುದ್ದೆ, ಪಿಂಚಣಿ, ಗುರುವಿನ ಕುರ್ಚಿಗೆ ಶಿಷ್ಯ ಬರುವಂತೆ ಮಾಡಿದ ಶಾಲೆ. ಈ ವೃಂದದ ದೋಷಗಳೂ ಅಲ್ಲಿಂದಲೇ ಹುಟ್ಟಿದವು ಎಂಬುದನ್ನೂ ಮರೆಯಬಾರದು.

ಆರಂಭ ಅಷ್ಟೇನೂ ವೈಭವದ್ದಲ್ಲ. 1669ರ ಜೂನ್‌ನಲ್ಲಿ ಕವಿ ಪಿಯೆರ್ ಪೆರಾಂ ಎಂಬಾತ 14ನೇ ಲೂಯಿಯಿಂದ ಫ್ರೆಂಚ್ ಭಾಷೆಯ ಆಪೆರಾ ಆಡಿಸುವ ಸನ್ನದು ಪಡೆದ. 1671ರ ಮಾರ್ಚ್ 3ರಂದು, ಚೆಂಡಾಟದ ಅಂಗಣವೊಂದನ್ನು ರಂಗಮಂದಿರವಾಗಿ ಮಾರ್ಪಡಿಸಿ, ರೊಬೆರ್ ಕಾಂಬೆರ್ ಸಂಗೀತ ಹಾಕಿದ 'ಪೊಮೋನ್' ಆಡಿದರು. ಜನ ಮುಗಿಬಿದ್ದರು. ಹಣ ಮಾತ್ರ ಪಾಲುದಾರರ ಕೈಯಲ್ಲಿ ಕರಗಿತು, ಪೆರಾಂ ಸಾಲಗಾರರ ಸೆರೆಮನೆ ಸೇರಿದ. ಆ ಸನ್ನದನ್ನು 1672ರಲ್ಲಿ ಕೊಂಡವನು ಜಾನ್ ಬಾಪ್ತಿಸ್ತ್ ಲುಲ್ಲಿ. ಇಟಲಿಯ ಫ್ಲಾರೆನ್ಸಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಫ್ರಾನ್ಸಿಗೆ ಬಂದು, ನರ್ತಕನಾಗಿ, ಪಿಟೀಲುಗಾರನಾಗಿ ಅರಮನೆಯಲ್ಲಿ ಏರಿದವನು. ಮುಂದಿನ ವರ್ಷ ಮೊಲಿಯೇರ್ ತೀರಿಕೊಂಡ ಮೇಲೆ ಅವನ ತಂಡ ಆಡುತ್ತಿದ್ದ ಪಾಲೆ ರುವಾಯಾಲ್ ಮಂದಿರವನ್ನೂ ಲುಲ್ಲಿ ತನ್ನದಾಗಿಸಿಕೊಂಡ. ಪ್ಯಾರಿಸಿನ ಬೇರೆ ಯಾವ ನಾಟಕ ತಂಡವೂ ಇಬ್ಬರು ಗಾಯಕರು, ಆರು ವಾದ್ಯಗಾರರಿಗಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದು ರಾಜಾಜ್ಞೆ ಹೊರಡಿಸಿಕೊಂಡ. ಹೀಗೆ ಈ ವಾದ್ಯವೃಂದ ಹುಟ್ಟಿದ್ದೇ ಏಕಸ್ವಾಮ್ಯದಲ್ಲಿ. ಒಳ್ಳೆಯ ವಾದ್ಯಗಾರನಿಗೆ ರಂಗಸಂಗೀತದಲ್ಲಿ ಬೇರೆ ಬಾಗಿಲೇ ಇರಲಿಲ್ಲ.

ಲುಲ್ಲಿ ಕೊಟ್ಟದ್ದು ಶಿಸ್ತು. ತಂತಿವಾದ್ಯಗಳು ಐದು ಭಾಗಗಳಾಗಿ ನುಡಿಯುತ್ತಿದ್ದವು. ಹತ್ತು ಜನರಷ್ಟಿದ್ದ ಚಿಕ್ಕ ಗುಂಪು ಗಾಯಕರ ಜೊತೆಗೆ, ದೊಡ್ಡ ಗುಂಪು ಕುಣಿತಕ್ಕೂ ಮೇಳಗಾನಕ್ಕೂ. ಪಿಟೀಲುಗಾರರ ಕಮಾನುಗಳೆಲ್ಲ ಒಂದೇ ಸಲ ಕೆಳಗಿಳಿದು ಒಂದೇ ಸಲ ಮೇಲೇರಬೇಕು, ಯಾರೂ ತಮ್ಮಿಚ್ಛೆಯಂತೆ ಸ್ವರಕ್ಕೆ ಬಳುಕು ಸೇರಿಸಬಾರದು. ಇಂದು ಜಗತ್ತಿನ ಯಾವ ವೃಂದವನ್ನು ನೋಡಿದರೂ ಕಮಾನುಗಳು ಜೊತೆಯಾಗಿ ಚಲಿಸುವುದು ಸಹಜವೆನಿಸುತ್ತದೆ. ಆ ಕಾಲಕ್ಕೆ ಅದು ಹೊಸ ಬೆರಗು. ಲುಲ್ಲಿಯ ಪದ್ಧತಿಯನ್ನು ಹತ್ತಿರದಿಂದ ಕಂಡಿದ್ದ ಗೇಯೋರ್ಗ್ ಮುಫಾಟ್ 1698ರಲ್ಲಿ ಅದರ ಕಮಾನಿನ ನಿಯಮಗಳನ್ನು ಜರ್ಮನ್ ಓದುಗರಿಗಾಗಿ ವಿವರವಾಗಿ ಬರೆದಿಟ್ಟ. ಆ ಪದ್ಧತಿ ಎಷ್ಟು ದೂರ ಹರಡಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಲುಲ್ಲಿಯ ಸಾವಿಗೆ ಕಾರಣವಾದದ್ದೂ ತಾಳ ಹಾಕುವ ಕೆಲಸವೇ. 1687ರ ಜನವರಿಯಲ್ಲಿ ರಾಜ ಕಾಯಿಲೆಯಿಂದ ಚೇತರಿಸಿಕೊಂಡದ್ದಕ್ಕೆ ಕೃತಜ್ಞತಾ ಗಾಯನ ನಡೆಸುತ್ತಿದ್ದಾಗ ತಾಳದ ಕೋಲು ಕಾಲಿನ ಬೆರಳಿಗೆ ಬಡಿಯಿತು, ಹುಣ್ಣಾಗಿ ಕೊಳೆಯಿತು, ಮಾರ್ಚಿನಲ್ಲಿ ತೀರಿಕೊಂಡ.

ಒಬ್ಬ ಸರ್ವಾಧಿಕಾರಿ ಕಟ್ಟಿದ ವೃಂದ ಅವನೊಂದಿಗೆ ಚದುರಿಹೋಗಬೇಕಿತ್ತು, ಚದುರಲಿಲ್ಲ. ಆಪೆರಾದ ಕಲಾವಿದರ ಪಿಂಚಣಿ ವ್ಯವಸ್ಥೆ ಹುಟ್ಟಿದ್ದು 1698ರಲ್ಲಿ ಎಂದು ಇಂದಿಗೂ ಲೆಕ್ಕ ಹಿಡಿಯುತ್ತಾರೆ. 1713ರ ನಿಯಮಾವಳಿ ವಾದ್ಯಗಾರರ ಹುದ್ದೆ, ಸಂಬಳ, ಸೇವೆಯ ನಂತರದ ಪಿಂಚಣಿಗಳನ್ನು ಬರಹದಲ್ಲಿ ಗೊತ್ತುಮಾಡಿತು. ನಲವತ್ತಕ್ಕೂ ಹೆಚ್ಚು ಜನರ ವೃಂದ ಅದು. ಯುರೋಪಿನ ಬಹಳ ಕಡೆ ವಾದ್ಯಗಾರ ದೊರೆಯ ಮನೆಯಾಳಾಗಿದ್ದ ಕಾಲದಲ್ಲಿ, ದೊರೆ ಬೇಡವೆಂದರೆ ಬೀದಿಗೆ ಬೀಳುತ್ತಿದ್ದ ಕಾಲದಲ್ಲಿ, ಇಲ್ಲಿ ಮುಪ್ಪಿಗೆ ಒಂದು ಆಸರೆ ಕಾಗದದ ಮೇಲೆ ಇತ್ತು. ಈ ವೃಂದದ ಚರಿತ್ರೆಯಲ್ಲಿ 1713ನ್ನು ಯಾವುದೇ ದೊಡ್ಡ ಆಪೆರಾದ ಮೊದಲ ಪ್ರದರ್ಶನಕ್ಕಿಂತ ಮುಖ್ಯವಾದ ವರ್ಷವೆಂದು ನಾನು ಎಣಿಸುತ್ತೇನೆ.

ಭದ್ರತೆಯ ಜೊತೆಗೆ ಜಡತೆಯೂ ಬಂತು. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಪ್ಯಾರಿಸಿಗೆ ಬಂದವರಿಗೆಲ್ಲ ಆಪೆರಾದ ತಾಳದ ಕೋಲಿನ ಸದ್ದು ನಗೆಪಾಟಲಿನ ವಿಷಯ. ತತ್ತ್ವಜ್ಞಾನಿ ರೂಸೋ ತನ್ನ ಸಂಗೀತ ನಿಘಂಟಿನಲ್ಲಿ, ಬೇರೆಡೆ ತಾಳ ಬಡಿಯದೆ ತಾಳಕ್ಕೆ ಸರಿಯಾಗಿ ನುಡಿಸುತ್ತಾರೆ, ಇಲ್ಲಿ ಬಡಿದೂ ತಪ್ಪುತ್ತಾರೆ ಎಂಬರ್ಥದಲ್ಲಿ ಬರೆದ. 1753ರಲ್ಲಿ ಫ್ರೆಂಚ್ ಸಂಗೀತವನ್ನೇ ತಳ್ಳಿಹಾಕಿ ಪತ್ರವೊಂದನ್ನು ಅಚ್ಚುಹಾಕಿಸಿದಾಗ ಆಪೆರಾದ ವಾದ್ಯಗಾರರು ಅವನ ಪ್ರತಿಕೃತಿ ಸುಟ್ಟರೆಂಬುದು ಆ ಕಾಲದ ಸುದ್ದಿ. ತನ್ನನ್ನು ಕೊಲ್ಲಲು ಅವರು ಸಂಚು ಹೂಡಿದ್ದರೆಂದು ರೂಸೋ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅವನ ಮಾತನ್ನು ಪೂರ್ತಿ ನಂಬಬೇಕಿಲ್ಲ. ಆದರೆ ಒಂದು ವೃಂದ ತನ್ನ ಮಾನದ ಪ್ರಶ್ನೆ ಬಂದಾಗ ಒಟ್ಟಾಗಿ ಸಿಡಿದೇಳುವಷ್ಟು ಒಂದು ಸಮುದಾಯವಾಗಿತ್ತು ಎಂಬುದು ಇದರಿಂದ ಸ್ಪಷ್ಟ.

ಕಿವುಡಾಗಿದ್ದ ವೃಂದವೇನೂ ಅಲ್ಲ ಅದು. 1733ರಿಂದ ರಾಮೋ ಬರೆದ ಆಪೆರಾಗಳು ವಾದ್ಯಗಾರರಿಂದ ಹಿಂದೆಂದೂ ಕೇಳದಷ್ಟನ್ನು ಕೇಳಿದವು. ಬಸೂನುಗಳಿಗೆ ಅವುಗಳದೇ ಆದ ದನಿ ಸಿಕ್ಕಿತು, 1750ರ ಆಸುಪಾಸಿನಲ್ಲಿ ಕ್ಲಾರಿನೆಟ್‌ಗಳು ಒಳಗೆ ಬಂದವು. 1725ರಲ್ಲಿ ಆರಂಭವಾದ 'ಕಾನ್ಸೇರ್ ಸ್ಪಿರಿತುಯೆಲ್' ಎಂಬ ಕಛೇರಿಮಾಲೆ ಹಬ್ಬದ ದಿನಗಳಲ್ಲಿ ಆಪೆರಾ ಮುಚ್ಚಿದಾಗ ನಡೆಯುತ್ತಿತ್ತು, ಅಲ್ಲಿ ನುಡಿಸುತ್ತಿದ್ದವರಲ್ಲಿ ಬಹಳ ಮಂದಿ ಆಪೆರಾದವರೇ. 1778ರಲ್ಲಿ ಅದಕ್ಕಾಗಿ ಸಿಂಫನಿ ಬರೆದ ಮೊಜಾರ್ಟ್, ಎಲ್ಲ ಕಮಾನುಗಳೂ ಒಮ್ಮೆಲೇ ಬೀಳುವ ಆರಂಭದ ಬಗ್ಗೆ ಪ್ಯಾರಿಸಿನವರಿಗಿದ್ದ ಹೆಮ್ಮೆಯನ್ನು ತಂದೆಗೆ ಬರೆದ ಪತ್ರದಲ್ಲಿ ಹಾಸ್ಯ ಮಾಡಿದ. ಹಾಸ್ಯ ಮಾಡಿದರೂ ತನ್ನ ಸಿಂಫನಿಯಲ್ಲಿ ಅದನ್ನು ಬಿಡಲಿಲ್ಲ. ಲುಲ್ಲಿ ಸತ್ತು ತೊಂಬತ್ತು ವರ್ಷವಾಗಿತ್ತು. ಅವನ ಕಮಾನು ಇನ್ನೂ ಕೆಲಸ ಮಾಡುತ್ತಿತ್ತು. 1774ರಲ್ಲಿ ಗ್ಲುಕ್ ಬಂದು ವೃಂದವನ್ನು ತಾಲೀಮಿನಲ್ಲಿ ಹಿಂಡಿ ಹೊಸ ಜೀವ ತುಂಬಿದ್ದೂ ಆ ಹಳೆಯ ಬುನಾದಿಯ ಮೇಲೆಯೇ.

ಮಂದಿರಗಳ ಪಾಡು ಬೇರೆ. 1763ರಲ್ಲಿ ಪಾಲೆ ರುವಾಯಾಲ್ ಸುಟ್ಟಿತು. ಅದರ ಪಕ್ಕದಲ್ಲೇ ಕಟ್ಟಿದ್ದು 1781ರಲ್ಲಿ ಸುಟ್ಟಿತು. 1820ರ ಫೆಬ್ರವರಿಯಲ್ಲಿ ರಾಜಮನೆತನದ ಬೆರಿಯ ಡ್ಯೂಕನನ್ನು ಆಗಿನ ಆಪೆರಾ ಮಂದಿರದ ಬಾಗಿಲಲ್ಲಿ ಇರಿದು ಕೊಂದದ್ದರಿಂದ ಆ ಮಂದಿರವನ್ನೇ ಕೆಡವಿದರು. 1821ರಲ್ಲಿ ತೆರೆದ ಲ ಪೆಲೆತಿಯೆ ಬೀದಿಯ ಮಂದಿರ 1873ರ ಅಕ್ಟೋಬರಿನಲ್ಲಿ ಬೂದಿಯಾಯಿತು. ಗಾರ್ನಿಯೆ ಮಂದಿರ ತೆರೆದದ್ದು 1875ರ ಜನವರಿ 5ರಂದು. ಪ್ರತಿ ಸಲವೂ ವಾದ್ಯಗಾರರು ತಮ್ಮ ಪೆಟ್ಟಿಗೆ ಎತ್ತಿಕೊಂಡು ಇನ್ನೊಂದು ಕಡೆ ಹೋಗಿ ಕುಳಿತರು.

ಕ್ರಾಂತಿ ಅರಮನೆಯ ಸಂಸ್ಥೆಗಳನ್ನು ಒಂದೊಂದಾಗಿ ನೆಲಸಮ ಮಾಡಿದರೂ ಆಪೆರಾ ಹೆಸರು ಬದಲಿಸಿಕೊಂಡು ಉಳಿಯಿತು. ಅದಕ್ಕಿಂತ ದೊಡ್ಡ ಫಲ 1795ರಲ್ಲಿ ಸ್ಥಾಪನೆಯಾದ ಕನ್ಸರ್ವೇಟರಿ. ಅಲ್ಲಿ ಕಲಿಸಿದವರೂ ಆಪೆರಾದ ಮೊದಲ ಸಾಲಿನಲ್ಲಿ ಕೂತವರೂ ಬಹುಮಟ್ಟಿಗೆ ಒಬ್ಬರೇ. ಪಿಟೀಲಿನಲ್ಲಿ ಕ್ರೂಟ್ಜರ್, ಬೈಯೊ, ಓಬೋದಲ್ಲಿ ವೋಗ್ತ್, ಕೊಳಲಿನಲ್ಲಿ ತುಲೂ, ಹಾರ್ನ್‌ನಲ್ಲಿ ದೊಪ್ರಾ. ಬೆಳಿಗ್ಗೆ ಪಾಠ ಹೇಳಿ ಸಂಜೆ ತಗ್ಗಿನಲ್ಲಿ ನುಡಿಸುವುದು ಅವರ ದಿನಚರಿ. ಅವರ ಕೈಯಲ್ಲಿ ಬಹುಮಾನ ಗೆದ್ದ ಹುಡುಗ ಕೆಲವು ವರ್ಷಗಳಲ್ಲಿ ಅವರ ಹಿಂದಿನ ಕುರ್ಚಿಯಲ್ಲಿ, ಆಮೇಲೆ ಅವರದೇ ಕುರ್ಚಿಯಲ್ಲಿ ಕೂರುತ್ತಿದ್ದ. ಫ್ರೆಂಚ್ ಗಾಳಿವಾದ್ಯಗಳ ಸಣ್ಣ, ಹೊಳಪಿನ, ಸ್ಪಷ್ಟ ನಾದ ಎಂದು ಜಗತ್ತು ಗುರುತಿಸಿದ್ದರಲ್ಲಿ ಈ ಎರಡು ಕಟ್ಟಡಗಳ ನಡುವಿನ ಓಡಾಟದ ಪಾಲು ಬಹಳ ದೊಡ್ಡದು. ನಮ್ಮ ಸಂಗೀತದವರು ಇದನ್ನು ಬಾನಿ ಎಂದು ಸುಲಭವಾಗಿ ಗುರುತಿಸುತ್ತಾರೆ.

ಈ ಚರಿತ್ರೆಯ ಅತ್ಯಂತ ತುಂಬಿದ ಕಾಲ 1820ರಿಂದ 1840ರ ದಶಕದವರೆಗಿನದು, ಅದರ ಕೇಂದ್ರದಲ್ಲಿ ಫ್ರಾಂಸುವಾ ಆಂತುವಾನ್ ಹಾಬೆನೆಕ್. ಪಿಟೀಲುಗಾರನಾಗಿ ಬಂದು 1824ರಿಂದ 1846ರವರೆಗೆ ಪ್ರಧಾನ ನಿರ್ದೇಶಕನಾಗಿದ್ದವನು. ಕೈಯಲ್ಲಿ ಬೆತ್ತದ ಬದಲು ಪಿಟೀಲಿನ ಕಮಾನು, ಎದುರಿಗೆ ಪೂರ್ಣ ಸ್ವರಲಿಪಿಯ ಬದಲು ಮೊದಲ ಪಿಟೀಲಿನ ಹಾಳೆ. 'ಗಿಯೋಮ್ ತೆಲ್' (1829), 'ರೊಬೆರ್ ಲ ದ್ಯಾಬ್ಲ್' (1831), 'ಲಾ ಜುಯಿವ್' (1835), 'ಲೆ ಯುಗನೋ' (1836) — ಇವನ್ನೆಲ್ಲ ಮೊದಲು ನುಡಿಸಿದ್ದು ಅವನ ಕೈಕೆಳಗಿನ ವೃಂದ. ವಾದ್ಯಗಳ ಚರಿತ್ರೆಯೂ ಅಲ್ಲೇ ತಿರುಗಿತು. ರೊಸಿನಿ 'ತೆಲ್' ಆರಂಭಿಸುವುದು ಐದು ಒಂಟಿ ಚೆಲ್ಲೋಗಳಿಂದ. ಹಾಲೆವಿಯ 'ಲಾ ಜುಯಿವ್'ನಲ್ಲಿ ಕವಾಟವಿರುವ ಹಾರ್ನ್‌ಗಳು ಬಂದವು. ಆ ಹೊಸ ವಾದ್ಯವನ್ನು ಕನ್ಸರ್ವೇಟರಿಯಲ್ಲಿ ಕಲಿಸುತ್ತಿದ್ದ ಮೇಫ್ರೆಡ್ ಇದೇ ವೃಂದದವನು. ಮೇಯರ್‌ಬೇರ್ 'ಯುಗನೋ'ದಲ್ಲಿ ಬಾಸ್ ಕ್ಲಾರಿನೆಟ್‌ಗೆ ದೀರ್ಘ ಏಕವಾದನ ಕೊಟ್ಟ. 1847ರಿಂದ ವೇದಿಕೆಯ ಮೇಲಿನ ಹಿತ್ತಾಳೆ ವಾದ್ಯಗಳ ಉಸ್ತುವಾರಿ ಹೊತ್ತವನು ಸ್ಯಾಕ್ಸೊಫೋನ್ ಕಂಡುಹಿಡಿದ ಅದೋಲ್ಫ್ ಸಾಕ್ಸ್. ಹೊಸ ವಾದ್ಯವೊಂದು ಇಲ್ಲಿ ಗೆದ್ದರೆ ಯುರೋಪಿನಾದ್ಯಂತ ಅದಕ್ಕೆ ಬೆಲೆ.

ಆ ಕಾಲದ ವಾದ್ಯಗಾರರಲ್ಲಿ ನನ್ನನ್ನು ಬಹಳವಾಗಿ ಹಿಡಿದು ನಿಲ್ಲಿಸುವವನು ಕ್ರೇತಿಯೆನ್ ಯೂರಾಂ. ಪಿಟೀಲು, ವಯೋಲ, ವಯೋಲ ದಾಮೋರ್ ಮೂರರಲ್ಲೂ ನಿಪುಣ. ಯುಗನೋದ ಮೊದಲ ಅಂಕದ ವಯೋಲ ದಾಮೋರ್ ಭಾಗ ನುಡಿಸಿದವನು. 1834ರಲ್ಲಿ ರಚನಕಾರ ಬೆರ್ಲಿಯೋಜ್‌ನ 'ಹಾರಾಲ್ಡ್ ಇಟಲಿಯಲ್ಲಿ' ಕೃತಿಯ ವಯೋಲ ಮೊದಲು ದನಿಸಿದ್ದೂ ಅವನ ಕೈಯಲ್ಲಿ. ಅತಿ ಭಕ್ತ ಕ್ಯಾಥೊಲಿಕ್. ಆಪೆರಾದ ನರ್ತಕಿಯರನ್ನು ನೋಡುವುದು ಪಾಪವೆಂದು ವರ್ಷಗಟ್ಟಲೆ ವೇದಿಕೆಯ ಕಡೆ ಕಣ್ಣೆತ್ತದೆ ನುಡಿಸಿದ. ಎದುರಿಗೆ ನಡೆಯುವ ಲೋಕಪ್ರಸಿದ್ಧ ದೃಶ್ಯವನ್ನು ಒಮ್ಮೆಯೂ ನೋಡದೆ ಅದರ ಹೃದಯಭಾಗವನ್ನು ನುಡಿಸುವ ಮನುಷ್ಯ: ಇಂಥವರನ್ನು ಬಿಟ್ಟು ಬರೆದ ಆಪೆರಾ ಚರಿತ್ರೆ ಪೂರ್ಣವಾಗುವುದು ಹೇಗೆ?

ಈ ಪ್ರತಿಭಾವಂತರ ವೃಂದ ಕೆಟ್ಟದಾಗಿಯೂ ನುಡಿಸುತ್ತಿತ್ತು. ಬೆರ್ಲಿಯೋಜ್ ವಿದ್ಯಾರ್ಥಿಯಾಗಿದ್ದಾಗ ಗ್ಲುಕ್‌ನ ಆಪೆರಾಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಕೂರುತ್ತಿದ್ದ; ಯಾರೋ ಇಲ್ಲದ ಕಡೆ ಝಲ್ಲರಿ ಸೇರಿಸಿದಾಗ, ಇರಬೇಕಾದ ಟ್ರೊಂಬೋನ್ ಬಿಟ್ಟಾಗ ಸಭೆಯ ನಡುವಿನಿಂದ ಕೂಗಿ ಹೇಳಿದ್ದನ್ನು ಅವನೇ ಬರೆದಿದ್ದಾನೆ. 1838ರಲ್ಲಿ ಅವನದೇ 'ಬೆನ್ವೆನುತೊ ಚೆಲ್ಲಿನಿ' ತಾಲೀಮಿನಲ್ಲಿ ವಾದ್ಯಗಾರರಿಬ್ಬರು ತಮ್ಮ ಭಾಗ ಬಿಟ್ಟು ಬೀದಿಯ ಮಕ್ಕಳ ಹಾಡೊಂದನ್ನು ನುಡಿಸುತ್ತಿದ್ದರಂತೆ. 1852ರಲ್ಲಿ ಅಚ್ಚಾದ ಅವನ ಪುಸ್ತಕವೊಂದು ಕಳಪೆ ಆಪೆರಾ ನಡೆಯುತ್ತಿರುವಾಗ ಹರಟೆ ಹೊಡೆಯುವ, ಒಳ್ಳೆಯದು ಬಂದಾಗ ಮಾತ್ರ ಮೌನವಾಗಿ ನುಡಿಸುವ ವಾದ್ಯಗಾರರ ಕಥೆ. 1863ರಲ್ಲಿ ವೆರ್ಡಿ ಹೆಚ್ಚಿನ ತಾಲೀಮು ಕೇಳಿದಾಗ ವೃಂದ ಬೇಕೆಂದೇ ಸೊರಗಿ ನುಡಿಸಿತು, ಆತ ಸಿಟ್ಟಿಗೆದ್ದು ಹೊರನಡೆದ, ನಿರ್ದೇಶಕ ದಿಯೆತ್ಷ್ ಕೆಲಸ ಕಳೆದುಕೊಂಡ. 1861ರಲ್ಲಿ ವಾಗ್ನರ್‌ನ 'ಟಾನ್‌ಹೊಯ್ಸರ್' ನಡೆಸಿದವನೂ ಅದೇ ದಿಯೆತ್ಷ್. ರಚನಕಾರನಿಗೆ ಸ್ವತಃ ನಿರ್ದೇಶಿಸಲು ಅಲ್ಲಿ ಅವಕಾಶವಿರಲಿಲ್ಲ. 164 ತಾಲೀಮು ಆದರೂ, ಮೂರೇ ಪ್ರದರ್ಶನಕ್ಕೆ ವಾಗ್ನರ್ ಅದನ್ನು ಹಿಂತೆಗೆದುಕೊಂಡ. ಆ ಸೋಲಿಗೆ ಮುಖ್ಯ ಕಾರಣ ಸಿಳ್ಳೆ ಹೊಡೆದ ಸಿರಿವಂತ ಗಂಡಸರ ಕ್ಲಬ್ಬು.

ಒಂದೇ ವೃಂದ ಒಂದು ಸಂಜೆ ಅದ್ಭುತವಾಗಿ, ಇನ್ನೊಂದು ಸಂಜೆ ನಿರ್ಲಕ್ಷ್ಯವಾಗಿ ನುಡಿಸಿದ್ದೇಕೆ? ಹಣದ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. 1831ರಲ್ಲಿ ಸರ್ಕಾರ ಆಪೆರಾವನ್ನು ವೆರೋನ್ ಎಂಬ ಖಾಸಗಿ ಉದ್ಯಮಿಗೆ ಸಹಾಯಧನದೊಂದಿಗೆ ವಹಿಸಿಕೊಟ್ಟಿತು. ವೇದಿಕೆಯ ಮೇಲೆ ವೈಭವ, ತಗ್ಗಿನಲ್ಲಿ ಮಿತವ್ಯಯ. ಸಾಮಾನ್ಯವಾಗಿ ವಾರಕ್ಕೆ ಮೂರು ಸಂಜೆ ಆಪೆರಾ. ಉಳಿದ ದಿನ ವಾದ್ಯಗಾರ ಚರ್ಚುಗಳಲ್ಲಿ, ನೃತ್ಯಕೂಟಗಳಲ್ಲಿ ನುಡಿಸಿ, ಮನೆಪಾಠ ಹೇಳಿ ಸಂಸಾರ ನಡೆಸಬೇಕು. ಬೇರೆಡೆ ಹೆಚ್ಚು ಹಣ ಸಿಕ್ಕಿದ ದಿನ ಆಪೆರಾಕ್ಕೆ ಬದಲಿ ಆಳನ್ನು ಕಳಿಸುವುದು ಒಪ್ಪಿತ ಪದ್ಧತಿಯಾಯಿತು. ತಾಲೀಮಿನಲ್ಲಿ ಒಬ್ಬ, ಪ್ರದರ್ಶನದಲ್ಲಿ ಇನ್ನೊಬ್ಬ. ಇದನ್ನು ಸೋಮಾರಿತನವೆಂದು ಬೈದು ಬರೆದವರು ಬಹಳ. ಅರೆಹೊಟ್ಟೆಯ ಸಂಬಳಕ್ಕೆ ಪೂರ್ಣ ನಿಷ್ಠೆ ಕೇಳುವುದು ಅನ್ಯಾಯ ಎಂದು ಬರೆದವರು ಕಡಿಮೆ. ಇದೇ ಜನ 1828ರಲ್ಲಿ ಹಾಬೆನೆಕ್ ಜೊತೆ ಸೇರಿ, ತಾವೇ ಪಾಲುದಾರರಾಗಿ, ಕನ್ಸರ್ವೇಟರಿಯಲ್ಲಿ ಕಛೇರಿ ಸಂಘ ಕಟ್ಟಿದರು. ಅಲ್ಲಿ ಅವರು ಬೆಥೋವನ್‌ನನ್ನು ನುಡಿಸಿದ ರೀತಿ ಪ್ಯಾರಿಸ್ಸನ್ನು ಬೆಚ್ಚಿಬೀಳಿಸಿತು. ಒಂಬತ್ತನೆಯ ಸಿಂಫನಿಯನ್ನು ಕೇಳಿದ ವಾಗ್ನರ್ ಆ ಕೃತಿ ತನಗೆ ಅರ್ಥವಾದದ್ದು ಅಲ್ಲಿಯೇ ಎಂದು ಮುಂದೆ ಬರೆದ. ಕೈಗಳು ಅವೇ, ಕಮಾನುಗಳೂ ಅವೇ. ವೃಂದ ತಮ್ಮದೆನಿಸಿದಾಗ ನುಡಿಸಿದ ರೀತಿ ಬೇರೆಯಾಗಿತ್ತು.

ಶ್ರುತಿಯ ವಿಷಯದಲ್ಲೂ ಈ ವೃಂದ ಯುರೋಪಿಗೆ ಅಳತೆಗೋಲಾಯಿತು. ಲುಲ್ಲಿ ಕಾಲದ ಶ್ರುತಿ ಇಂದಿನದಕ್ಕಿಂತ ಸುಮಾರು ಒಂದು ಸ್ವರದಷ್ಟು ಕೆಳಗಿತ್ತು. ಹೊಳಪಿನ ನಾದದ ಆಸೆಯಲ್ಲಿ ಅದು ಏರುತ್ತಾ ಹೋಗಿ 1858ರ ಹೊತ್ತಿಗೆ ಆಪೆರಾದಲ್ಲಿ ಸೆಕೆಂಡಿಗೆ 448 ಕಂಪನ ಮುಟ್ಟಿತ್ತು, ಗಾಯಕರ ಗಂಟಲು ಹರಿಯುವಂತಾಗಿತ್ತು. ರೊಸಿನಿ, ಮೇಯರ್‌ಬೇರ್, ಬೆರ್ಲಿಯೋಜ್, ಹಾಲೆವಿ, ಒಬೇರ್ ಮೊದಲಾದ ರಚನಕಾರರೂ ಭೌತವಿಜ್ಞಾನಿಗಳೂ ಇದ್ದ ಸಮಿತಿಯೊಂದು ಕುಳಿತು, 1859ರಲ್ಲಿ ಸರ್ಕಾರ ಅದನ್ನು 435ಕ್ಕೆ ಇಳಿಸಿ ಕಾನೂನು ಮಾಡಿತು. ಗಾಳಿವಾದ್ಯಗಾರರಿಗೆ ಇದು ಹೊಸ ವಾದ್ಯಗಳ ಖರ್ಚು. ಬೇರೆ ದೇಶಗಳು ಕ್ರಮೇಣ ಹಿಂಬಾಲಿಸಿದವು.

ಆಮೇಲಿನ ದಶಕಗಳನ್ನು ಬೇಗ ದಾಟಬಹುದು. ಗಾರ್ನಿಯೆ ಮಂದಿರದ ಮೊದಲ ಕಾಲು ಶತಮಾನದಲ್ಲಿ ಹಳೆಯ ಆಪೆರಾಗಳೇ ಮರಳಿ ಮರಳಿ ನಡೆದವು. ಪೋಲ್ ತಫನೆಲ್ ಮಾತ್ರ ನಿಂತು ನೋಡಬೇಕಾದ ವ್ಯಕ್ತಿ. ಈ ವೃಂದದ ಕೊಳಲುಗಾರನಾಗಿದ್ದು ಅದರ ಪ್ರಧಾನ ನಿರ್ದೇಶಕನಾದವನು. ಪಿಟೀಲಿನವರಿಗೇ ಮೀಸಲೆಂಬಂತಿದ್ದ ಆ ಪೀಠಕ್ಕೆ ಕೊಳಲಿನವನು ಏರಿದ. ಇಂದಿನ ಕೊಳಲಿನ ಫ್ರೆಂಚ್ ಬಾನಿಯ ಗುರುಪರಂಪರೆ ಅವನಿಂದ ಹೊರಡುತ್ತದೆ. ಅವನ ಶಿಷ್ಯ ಫಿಲಿಪ್ ಗೋಬೆರ್ ಕೂಡ ಅದೇ ದಾರಿಯಲ್ಲಿ ಬಂದು 1920ರಿಂದ ಆಪೆರಾದ ವೃಂದ ನಡೆಸಿದ. 1923ರ ಜೂನ್‌ನಲ್ಲಿ ಅವನು ನಡೆಸಿದ 'ಪದ್ಮಾವತಿ' ಭಾರತೀಯ ಓದುಗರಿಗೆ ಕುತೂಹಲದ್ದು: ಭಾರತದಲ್ಲಿ ಸುತ್ತಾಡಿ ಚಿತ್ತೋರಿನ ಕೋಟೆ ಕಂಡುಬಂದ ಆಲ್ಬೆರ್ ರುಸೆಲ್ ಬರೆದ ಆಪೆರಾ ಅದು. ಹೆಂಗಸರಿಗೆ ಬಾಗಿಲು ತೆರೆದದ್ದು 1909ರಲ್ಲಿ, ಹಾರ್ಪ್ ನುಡಿಸುವ ಲಿಲಿ ಲಾಸ್ಕೀನ್ ಒಳಗೆ ಬಂದಾಗ. ಆಕೆಗಿನ್ನೂ ಹದಿನಾರು ವರ್ಷ. ಕನ್ಸರ್ವೇಟರಿಯಲ್ಲಿ ಹೆಣ್ಣುಮಕ್ಕಳು ಬಹುಮಾನ ಗೆಲ್ಲುತ್ತಿದ್ದು ಎಷ್ಟೋ ಕಾಲವಾಗಿತ್ತು. ಈ ವೃಂದ ಅಷ್ಟು ತಡಮಾಡಿದ್ದಕ್ಕೆ ಸಂಗೀತದ ಕಾರಣ ಯಾವುದೂ ಇರಲಿಲ್ಲ.

ನೋವಿನ ಅಧ್ಯಾಯ 1940ರದು. ಜರ್ಮನರ ಹಿಡಿತದಲ್ಲಿದ್ದ ಪ್ಯಾರಿಸ್‌ನಲ್ಲಿ ಆಪೆರಾ ಆಗಸ್ಟಿನಲ್ಲೇ ಮತ್ತೆ ತೆರೆಯಿತು. ಅಕ್ಟೋಬರಿನಲ್ಲಿ ಜರ್ಮನರೊಂದಿಗೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರ ತಂದ ಯೆಹೂದಿ ವಿರೋಧಿ ಕಾನೂನಿನ ಹೆಸರಿನಲ್ಲಿ ಆಪೆರಾದ ಯೆಹೂದಿ ನೌಕರರನ್ನು ಹೊರಹಾಕಿದರು. ಪಿಂಚಣಿ, ಕಾಯಂ ಹುದ್ದೆ ಎಂದು ನಾನು ಇಷ್ಟು ಹೊತ್ತು ಎತ್ತಿಹಿಡಿದ ರಕ್ಷಣೆ ಯಾವುದೂ ಅವರನ್ನು ಕಾಯಲಿಲ್ಲ. ಪ್ರಭುತ್ವ ಕೊಟ್ಟದ್ದನ್ನು ಪ್ರಭುತ್ವವೇ ಕಿತ್ತುಕೊಂಡಿತು. ಆಪೆರಾದ ಯಾವ ಚರಿತ್ರೆಯೂ ಇದನ್ನು ಒಂದು ಸಾಲಿನಲ್ಲಿ ದಾಟಬಾರದು.

ಯುದ್ಧದ ನಂತರ ಬದಲಿ ಆಳುಗಳ ಪಿಡುಗು ಇನ್ನೂ ಉಳಿದಿತ್ತು. 1963ರಲ್ಲಿ ಪಿಯೆರ್ ಬುಲೆಜ್ ಬೆರ್ಗ್‌ನ 'ವೊಟ್ಸೆಕ್' ನಡೆಸಲು ಬಂದಾಗ ಸಾಕಷ್ಟು ತಾಲೀಮು ಬೇಕೆಂದು ಪಟ್ಟು ಹಿಡಿದ. ಫಲಿತಾಂಶ ಕೇಳಿದವರು ಈ ವೃಂದಕ್ಕೆ ಇದೂ ಸಾಧ್ಯವೇ ಎಂದು ಬೆರಗಾದರು. 1973ರಲ್ಲಿ ರೋಲ್ಫ್ ಲೀಬರ್‌ಮನ್ ಮುಖ್ಯಸ್ಥನಾಗಿ, ಸೋಲ್ಟಿಯಂಥ ನಿರ್ದೇಶಕರನ್ನು ಕರೆತಂದ ಮೇಲೆ ಮಟ್ಟ ಸ್ಥಿರವಾಗಿ ಏರಿತು. 1979ರ ಫೆಬ್ರವರಿಯಲ್ಲಿ ಬೆರ್ಗ್‌ನ 'ಲುಲು' ಮೂರೂ ಅಂಕಗಳೊಂದಿಗೆ ಜಗತ್ತಿನಲ್ಲೇ ಮೊದಲ ಸಲ ಇಲ್ಲಿ ನಡೆಯಿತು. 1983ರ ನವೆಂಬರಿನಲ್ಲಿ ಸೇಜಿ ಒಜಾವ ಮೆಸ್ಸಿಯಾನ್‌ನ 'ಅಸ್ಸೀಸಿಯ ಸಂತ ಫ್ರಾನ್ಸಿಸ್' ನಡೆಸಿದಾಗ ವಾದ್ಯಗಾರರು ತಗ್ಗಿನಲ್ಲಿ ಹಿಡಿಸದೆ ಅಕ್ಕಪಕ್ಕದ ಬಾಲ್ಕನಿಗಳಲ್ಲೂ ಕೂತು ನುಡಿಸಬೇಕಾಯಿತು. ಇದೇ ಅವಧಿಯಲ್ಲಿ ಒಂದು ನಷ್ಟವೂ ಆಯಿತು. ಪ್ಯಾರಿಸಿನ ವೃಂದಗಳಲ್ಲಿ ಫ್ರೆಂಚ್ ಮಾದರಿಯ ಬಸೂನ್, ಸಣ್ಣ ಕೊಳವೆಯ ಹಾರ್ನ್ ಹಿಂದೆ ಸರಿದು ಜರ್ಮನ್ ಮಾದರಿಗಳು ಬಂದವು. ಹೊಸ ವಾದ್ಯಗಳು ಹೆಚ್ಚು ತುಂಬಿದ ದನಿಯವು, ಹೊರಗಿನ ಕೆಲಸಗಳಿಗೂ ಅನುಕೂಲ. ಆದರೆ ರಾಮೋನಿಂದ ದೆಬುಸಿಯವರೆಗೆ ಕಲ್ಪಿಸಿಕೊಂಡ ಆ ಮೂಗಿನ ದನಿ, ಮಾತಾಡುವಂಥ ಬಸೂನ್ ದನಿ ಹಳೆಯ ಧ್ವನಿಮುದ್ರಿಕೆಗಳಿಗೆ ಸೀಮಿತವಾಗುತ್ತಾ ಬಂದಿರುವುದು ನನಗೆ ದುಃಖದ ಸಂಗತಿ.

1989ರ ಜುಲೈನಲ್ಲಿ ಉದ್ಘಾಟನೆಯಾದ ಬಾಸ್ಟೀಲ್ ಮಂದಿರ ಹೊಸ ಪ್ರಶ್ನೆ ತಂದಿತು. 2,700ಕ್ಕೂ ಹೆಚ್ಚು ಆಸನಗಳ ಮಂದಿರ ಅಲ್ಲಿ, ಗಾರ್ನಿಯೆ ಇಲ್ಲಿ. ಎರಡನ್ನೂ ನಡೆಸಬೇಕಾದ್ದು ಒಂದೇ ವೃಂದ. ಇಂದು ಸುಮಾರು 170 ಮಂದಿಯಿರುವುದು ಅದಕ್ಕಾಗಿಯೇ. ಒಂದು ಸಂಜೆ ಎರಡು ಕಡೆ ಆಪೆರಾ, ಬ್ಯಾಲೆ ಹಂಚಿಕೊಂಡು ನುಡಿಸುತ್ತಾರೆ. ನಿರ್ದೇಶಕರ ಪೀಠ ಮಾತ್ರ ಎಂದಿನಂತೆ ಅಲುಗಾಡುತ್ತಲೇ ಇದೆ. ಬಾರೆನ್‌ಬೋಯ್ಮ್‌ನನ್ನು ಬಾಸ್ಟೀಲ್ ತೆರೆಯುವ ಮೊದಲೇ, 1989ರ ಜನವರಿಯಲ್ಲಿ, ಕಳಿಸಿದರು. ಅವನ ಜಾಗಕ್ಕೆ ಬಂದ ಮ್ಯುಂಗ್-ವ್ಹುನ್ ಚುಂಗ್ 1994ರಲ್ಲಿ ನ್ಯಾಯಾಲಯದ ಜಗಳದೊಂದಿಗೆ ಹೊರಹೋದ. ಜೇಮ್ಸ್ ಕಾನ್ಲನ್, ಆಮೇಲೆ 2009ರಿಂದ 2021ರವರೆಗೆ ಫಿಲಿಪ್ ಜೋರ್ಡಾನ್ ತಾಳ್ಮೆಯಿಂದ ವೃಂದ ಕಟ್ಟಿದರು. 2021ರಲ್ಲಿ ದೊಡ್ಡ ಸಂಭ್ರಮದೊಂದಿಗೆ ಬಂದ ಗುಸ್ತಾವೊ ದುದಮೆಲ್ ಎರಡೇ ಋತು ಮುಗಿಸಿ 2023ರಲ್ಲಿ ಬಿಟ್ಟುಹೋದ. ಪ್ರತಿ ಸಲವೂ ಪತ್ರಿಕೆಗಳು ಆಪೆರಾದ ಬಿಕ್ಕಟ್ಟು ಎಂದು ಬರೆದವು, ಪ್ರತಿ ಸಲವೂ ಮರುದಿನ ಸಂಜೆ ವೃಂದ ಅತಿಥಿ ನಿರ್ದೇಶಕನೊಬ್ಬನ ಕೈಕೆಳಗೆ ನುಡಿಸಿತು.

2019ರ ಡಿಸೆಂಬರಿನಲ್ಲಿ ಫ್ರೆಂಚ್ ಸರ್ಕಾರ ವಿಶೇಷ ಪಿಂಚಣಿ ಪದ್ಧತಿಗಳನ್ನೆಲ್ಲ ರದ್ದು ಮಾಡಲು ಹೊರಟಿತು, 1698ರಿಂದ ಬಂದ ಆಪೆರಾದ ಪದ್ಧತಿಯೂ ಅದರಲ್ಲಿ ಸೇರಿತ್ತು. ಪ್ರದರ್ಶನಗಳು ಸಾಲುಸಾಲಾಗಿ ನಿಂತವು. ಕ್ರಿಸ್‌ಮಸ್ ಹಿಂದಿನ ದಿನ ನರ್ತಕಿಯರು ಗಾರ್ನಿಯೆ ಮಂದಿರದ ಹೊರ ಮೆಟ್ಟಿಲ ಮೇಲೆ 'ಹಂಸ ಸರೋವರ'ದ ಭಾಗವನ್ನು ಕುಣಿದರು, ವಾದ್ಯಗಾರರು ಚಳಿಯಲ್ಲಿ ಪಕ್ಕದಲ್ಲಿ ಕುಳಿತು ನುಡಿಸಿದರು. ಆ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಸವಲತ್ತು ಕಾಪಾಡಿಕೊಳ್ಳುವ ಸ್ವಾರ್ಥ ಎಂದವರೂ ಇದ್ದಾರೆ. ನಲವತ್ತು ವರ್ಷ ಕಮಾನು ಹಿಡಿದ ಭುಜ, ತುಟಿಯ ಸ್ನಾಯುಗಳಿಂದಲೇ ಅನ್ನ ದುಡಿಯುವ ಹಾರ್ನ್‌ಗಾರ, ತಗ್ಗಿನಲ್ಲಿ ಹಿತ್ತಾಳೆಯ ಅಬ್ಬರದ ಎದುರು ಕೂತು ಮಂಕಾಗುವ ಕಿವಿ — ಇವನ್ನು ತಿಳಿದವರು ಆ ಮಾತನ್ನು ಹಗುರಾಗಿ ಆಡಲಾರರು. ಮುಂದೆ 2023ರಲ್ಲಿ ಬಂದ ಪಿಂಚಣಿ ಸುಧಾರಣೆ ಮೆಟ್ರೊ ನೌಕರರೂ ಸೇರಿದಂತೆ ಹಲವರ ವಿಶೇಷ ಪದ್ಧತಿಗಳನ್ನು ಹೊಸದಾಗಿ ಸೇರುವವರಿಗೆ ಮುಚ್ಚಿತು. ಆಪೆರಾದ್ದನ್ನು ಉಳಿಸಿತು.